ಅವ್ವನ ತಾಟು

ಸೇಡಂ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಕುಳಿತಿದ್ದ ಯುವತಿಯೊಬ್ಬಳು ತಂದೆಯ ಮೇಲೆ ಸಿಡಿಯುತ್ತಿದ್ದಳು.

"ಅಪ್ಪ, ಅವ್ವ ಉಣ್ಣೋ ತಾಟು ಯಾಕ ಬ್ಯಾರೆ ಇಟ್ಟಿ?"

"ಕ್ಯಾನ್ಸರ್ ಹಬ್ಬಲಿಕತ್ತದ ಅಂತ ಡಾಕ್ಟರೇ ಅಂದಾರಲ್ಲ, ಸುಶ್ಮಿತಾ."

"ಆಕಿ ಮೈಯಾಗ ಹಬ್ಬತದ, ನಿನ್ನ ರೊಟ್ಟಿಗಲ್ಲ. ಜೀವಕೋಶದ ಮೈಮ್ಯಾಲೆ ಒಂದಕ್ಕೊಂದು ಹಿಡಕೊಳ್ಳೋ ಪ್ರೋಟೀನ್ ಇರ್ತಾವ. ಅವು ಕಡಿಮಿ ಆದ್ರ ಕ್ಯಾನ್ಸರ್ ಕೋಶ ಜಾಗ ಬಿಟ್ಟು ಎದಿಯಿಂದ ಎಲುಬಿಗೆ ಹೋಗ್ತದ. ಮಂದಿ ಮೈಗೆ ಬರಂಗಿಲ್ಲ."

"ನನಗೇನು ಗೊತ್ತು? ಆಕಿ ಎದಿ ಮ್ಯಾಲಿನ ಗಾಯ ನೋಡಿದ್ರ ಹೇಸಿಗಿ ಬರ್ತಿತ್ತು."

"ನನಗ ನಿನ್ನ ನೋಡಿದ್ರ ಬರ್ಲಿಕತ್ತದ."

ತಂದೆ ಹೆಗಲ ಮೇಲಿನ ಟವೆಲ್‌ನಿಂದ ಮುಖ ಒರೆಸಿಕೊಂಡರು.

"ಇವತ್ತು ಆಕಿ ಸಂಗಡೇ ಉಣ್ತೀನಿ."

"ಇನ್ನ ನಿನ್ನ ಜೋಡಿ ಉಣ್ಣಂಗಿಲ್ಲ ಅಂತ ಅವ್ವ ನಿನ್ನೆನೇ ಹೇಳ್ಯಾಳ."

ಸೇಡಂ ತಾಲ್ಲೂಕಿನದೇ ಆದ ಮುಧೋಳದ ಬಸ್ಸು ಬಂತು. ಮಗಳು ಹತ್ತಿ ಮುಂದೆ ಕುಳಿತಳು. ತಂದೆ ಹಿಂದಿನ ಸೀಟು ಹುಡುಕಿಕೊಂಡರು.