ಹೋಗಿ ಬಾ ಎಂದಿದ್ದ ಸಾಲು

ನನ್ನ ಹಳೆಯ ದಿನಚರಿಯಲ್ಲಿ ೨೦೦೯ನೇ ಇಸವಿ ನವೆಂಬರ್ ೧೨, ಗುರುವಾರದ ಪುಟದಲ್ಲಿ ಹೀಗಿದೆ: "ಗುಬ್ಬಿ ರಾತ್ರಿ ತಡವಾಗಿ ಬಾವಿಯ ಹಾದಿಯಲ್ಲಿ ಒಬ್ಬಳೇ ನಡೆದು ಬಂದಳು. ಊಟ ಬೇಡವೆಂದಳು. ಏನಾಯಿತೆಂದು ಕೇಳಿದರೆ, ಕಬ್ಬಿಣದ ಸದ್ದು ಎಂದಳು." ದೆವ್ವವನ್ನು ನಾನು ನಂಬುತ್ತೇನೋ ಇಲ್ಲವೋ, ಆ ಪ್ರಶ್ನೆ ಬೇಡ. ಗಣಿತದಲ್ಲಿ ಪದವಿ ಪಡೆದವಳು ನಾನು. ಅಂದಂದೇ ಬರೆದಿಟ್ಟದ್ದನ್ನು ನಂಬುತ್ತೇನೆ. ಆ ಬಾಗಿಲು ಹಾಕಿ ಬನ್ನಿ... ಹಾಂ, ಈಗ ಕೇಳಿ.

ಗುಬ್ಬಿ ಎಂದರೆ ನನ್ನ ತಂಗಿಯ ಮಗಳು. ಅವಳೂ ಅವಳ ಗಂಡನೂ ಆಗ ನಮ್ಮ ಮನೆಯ ಮಹಡಿಯ ಮೇಲಿದ್ದರು. ಅವಳಿಗೆ ಒಂದು ಶಾಲೆಯ ಕಚೇರಿಯಲ್ಲಿ ಕೆಲಸ. ಸ್ಪ್ರೆಡ್‌ಶೀಟ್ ಫೈಲು ತಾನಾಗಿಯೇ ಮಾಡಬೇಕಾದ ಕೆಲಸವನ್ನು ಸಾಲು ಸಾಲಾಗಿ ಬರೆದಿಡುವುದಕ್ಕೆ ಮ್ಯಾಕ್ರೋ ಎನ್ನುತ್ತಾರೆ. ಅದು ಎಲ್ಲಿ ಕೆಟ್ಟಿದೆ ಎಂದು ಹುಡುಕಿ ಸರಿ ಮಾಡುವುದರಲ್ಲಿ ಗುಬ್ಬಿಯ ಕೈ ಪಳಗಿತ್ತು. ಅಳಿಯನಿಗೆ ಕಲ್ಲು ಕ್ವಾರಿಯಲ್ಲಿ ಲಾರಿ ತೂಗುವ ವೇಬ್ರಿಡ್ಜಿನಲ್ಲಿ ರಾತ್ರಿ ಪಾಳಿ. ಲಾರಿ ಲೋಡಿನ ಸಮೇತ ಹತ್ತಿ ನಿಲ್ಲುವ ಕಬ್ಬಿಣದ ಹಾಸು; ಪಕ್ಕದಲ್ಲಿ ಗಾಜಿನ ಕೋಣೆ; ಕೋಣೆಯೊಳಗೆ ಕೆಂಪು ಅಂಕಿ ಉರಿಯುವ ತೂಕದ ಡಬ್ಬಿ, ಆ ಅಂಕಿಯನ್ನು ಬರೆದುಕೊಳ್ಳುವ ಕಂಪ್ಯೂಟರ್.

ಆ ಕಂಪ್ಯೂಟರಿನ ಫೈಲಿನಲ್ಲಿ ಪ್ರತಿ ರಾತ್ರಿ ಒಂದು ಸಾಲು ಹೆಚ್ಚಿಗೆ ಕಾಣಿಸಿಕೊಳ್ಳುತ್ತಿತ್ತು. ಲಾರಿಯ ನಂಬರ್ ಖಾಲಿ. ಡ್ರೈವರನ ಹೆಸರು ಖಾಲಿ. ತೂಕ ಮಾತ್ರ ನಲವತ್ತು ಕಿಲೋ.

ಮಾಲೀಕನ ಕಣ್ಣಿಗೆ ಅದು ಬಿದ್ದದ್ದೇ ತಡ, ಅಳಿಯನನ್ನು ಎಲ್ಲರ ಎದುರು ನಿಲ್ಲಿಸಿಕೊಂಡ. ರಾತ್ರಿ ಕಳ್ಳಲೋಡು ಬಿಟ್ಟು ಆಮೇಲೆ ಸಾಲು ಅಳಿಸಿದ್ದೀಯ, ಅಳಿಸಿದ್ದರ ಕಲೆ ಇದು ಎಂಬುದು ಅವನ ವಾದ. ಅಳಿಯ ತಾನೇನೂ ಮಾಡಿಲ್ಲವೆಂದ. ಫೈಲು ತಾನೇ ತೆರೆದುಕೊಳ್ಳುತ್ತದೆ, ಮುಚ್ಚಿದರೆ ಮರುದಿನ ಮತ್ತೆ ತೆರೆದುಕೊಳ್ಳುತ್ತದೆ ಎಂದ.

"ನಲವತ್ತು ಕಿಲೋ ಅಂದ್ರೆ ಏನಪ್ಪ ಅದು? ನಿನ್ನ ಮನಸ್ಸಾಕ್ಷಿ ತೂಕನಾ?" ಎಂದನಂತೆ ಮಾಲೀಕ.

ಲೋಡು ತುಂಬುವವರೆಲ್ಲ ನಕ್ಕರು. ತಪ್ಪು ಫೈಲಿನದೆಂದು ತಿಂಗಳ ಕೊನೆಯೊಳಗೆ ತೋರಿಸದಿದ್ದರೆ ಪೊಲೀಸರಿಗೆ ದೂರು ಎಂದು ಮಾಲೀಕ ಹೇಳಿಬಿಟ್ಟ. ಅಂದಿನಿಂದ ಅಳಿಯನ ಪಕ್ಕ ಕುಳಿತು ಯಾರೂ ಟೀ ಕುಡಿಯಲಿಲ್ಲ. ಅವನ ಸೈಕಲ್ಲಿನ ಚಕ್ರದ ಗಾಳಿ ದಿನಾ ಹೋಗತೊಡಗಿತು. ಕೊನೆಗೆ ಸೈಕಲ್ ಬಿಟ್ಟು ನಡೆದೇ ಹೋಗುತ್ತಿದ್ದ.

ಗುಬ್ಬಿ ತಾನೇ ಹೋಗಿ ಫೈಲು ನೋಡಲು ಅನುಮತಿ ಕೇಳಿದಳು. ಹೆಂಡತಿ ಬಂದು ಲೆಕ್ಕ ತೊಳೆಯುತ್ತಾಳೆಂದು ಗೊತ್ತಿದ್ದರೆ ಸೋಪು ತರಿಸಿಡುತ್ತಿದ್ದೆ ಎಂದ ಆ ಮನುಷ್ಯ. ನನಗೆ ಹೇಳಿದ್ದರೆ ಅವನ ಬಾಯಿಗೇ ಹಾಕುತ್ತಿದ್ದೆ ಆ ಸೋಪನ್ನು. ಗುಬ್ಬಿ ಮಾತ್ರ ತಲೆ ತಗ್ಗಿಸಿ ಒಳಗೆ ಹೋಗಿ ಕುಳಿತಳು. ಗಂಡನನ್ನು ಉಳಿಸಿಕೊಳ್ಳಬೇಕಿತ್ತಲ್ಲ.

ಅವಳು ಮೊದಲು ಹೋದದ್ದೇ ಆ ಗುರುವಾರ. ಮ್ಯಾಕ್ರೋವನ್ನು ಒಂದು ಪೆನ್‌ಡ್ರೈವಿಗೆ ಹಾಕಿಕೊಂಡು ಹೊರಟಾಗ ಕ್ವಾರಿಯಲ್ಲಿ ಕೊನೆಯ ಲಾರಿಯೂ ಹೋಗಿಯಾಗಿತ್ತು. ಅಳಿಯ ಪಾಳಿ ಬಿಟ್ಟು ಬರುವಂತಿಲ್ಲ. ಒಬ್ಬಳೇ ನಡೆದಳು. ಹಾದಿಯಲ್ಲಿ ಒಂದು ಹಳೆಯ ಬಾವಿ, ಬಾಯಿಗೆ ಕಬ್ಬಿಣದ ಬಲೆ. ಚಪ್ಪಲಿ ಚಟ್... ಚಟ್... ಎನ್ನುತ್ತಿತ್ತು. ಬಾವಿ ದಾಟಿದಳು. ಆಗ ಹಿಂದೆ, ವೇಬ್ರಿಡ್ಜಿನ ಕಡೆಯಿಂದ...

ಠಕ್.

ಲಾರಿಯ ಚಕ್ರ ಹಾಸಿನ ಮೇಲೆ ಹತ್ತಿದರೆ ಢಣ್ ಎನ್ನುತ್ತದೆ. ಇದು ಢಣ್ ಅಲ್ಲ. ಬರಿಗಾಲಿನ ಹಿಮ್ಮಡಿ ತಗಡಿನ ಮೇಲೆ ಇಟ್ಟಂತೆ. ತಿರುಗಿ ನೋಡಿದಳು. ಗಾಜಿನ ಕೋಣೆಯಲ್ಲಿ ಅಳಿಯ ಕುಳಿತೇ ಇದ್ದ. ಹಾಸಿನ ಮೇಲೆ ದೀಪ ಬಿದ್ದಿತ್ತು, ಯಾರೂ ಇರಲಿಲ್ಲ.

ಮರುದಿನ ಅವಳು ಮ್ಯಾಕ್ರೋವನ್ನು ನನ್ನ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪಿನಲ್ಲಿ ಬಿಚ್ಚಿದಳು. ಪಕ್ಕದಲ್ಲಿ ಕುಳಿತು ಪ್ರತಿ ಸಾಲಿನ ಅರ್ಥ ಕೇಳಿದೆ. ಎಲ್ಲಕ್ಕಿಂತ ಮೇಲೆ ಒಂದು ಸಾಲು: ಎಂಥ ತಪ್ಪಾದರೂ ನಿಲ್ಲಬೇಡ, ಬಾಯಿ ಮುಚ್ಚಿಕೊಂಡು ಮುಂದಿನ ಸಾಲಿಗೆ ಹೋಗು.

"ನಿಮ್ಮ ದೊಡ್ಡಪ್ಪ ಸಂಸಾರ ಮಾಡಿದ್ದೇ ಹೀಗೆ" ಎಂದೆ.

ಅವಳು ನಗಲಿಲ್ಲ. ಆ ಸಾಲನ್ನು ತಡೆದು, ಒಂದು ಕೀಲಿ ಒತ್ತಿದರೆ ಒಂದೇ ಸಾಲು ನಡೆಯುವಂತೆ ಮಾಡಿಕೊಂಡು ನೋಡುತ್ತ ಹೋದಳು. ಹಳದಿ ಪಟ್ಟಿ ಒಂದೊಂದೇ ಸಾಲಿನ ಮೇಲೆ ಬಂದು ನಿಲ್ಲುತ್ತಿತ್ತು. ಫೈಲು ತೆರೆ. ಡಬ್ಬಿಯ ಅಂಕಿ ಓದು; ಡಬ್ಬಿ ಇಲ್ಲಿಲ್ಲವಲ್ಲ, ನಲವತ್ತು ಎಂದು ಅವಳೇ ಒತ್ತಿದಳು. ಲಾರಿಯ ನಂಬರ್ ಬರೆ. ನಂಬರ್ ಇರಲಿಲ್ಲ, ಅಲ್ಲಿ ತಪ್ಪು ಬಂತು; ಆ ಮೇಲಿನ ಸಾಲು ಇಷ್ಟು ದಿನ ಈ ತಪ್ಪನ್ನೇ ನುಂಗುತ್ತಿದ್ದದ್ದು. ಕೊನೆಯ ಸಾಲಿಗೆ ಬಂದಾಗ ಅವಳ ಮುಖ ಅರಳಿತು.

"ಸಿಕ್ತು ದೊಡ್ಡಮ್ಮ. ನಾಳೆ ಇದೇ ಹೊತ್ತಿಗೆ ಬಾ ಅಂತ ತನ್ನನ್ನ ತಾನೇ ಕರೆದುಕೊಳ್ತಿದೆ. ಅದಕ್ಕೇ ಮುಚ್ಚಿದ ಫೈಲು ತೆರೆಯೋದು. ಇವರ ತಪ್ಪೇನೂ ಇಲ್ಲ."

ಇದನ್ನು ಬರೆದವನು ಅಳಿಯನಿಗಿಂತ ಮೊದಲು ಆ ಕೋಣೆಯಲ್ಲಿ ಕೆಲಸಕ್ಕಿದ್ದ ಹಿಂದಿನ ತೂಕದವನು. ರಾತ್ರಿ ಹಾಸು ಖಾಲಿಯಿದ್ದಾಗ ಸೊನ್ನೆ ತೋರಿಸುತ್ತದೆಯೇ ಎಂದು ಪರೀಕ್ಷಿಸಲು ಬರೆದಿರಬೇಕು ಎಂದಳು. ಹಾಗಾದರೆ ಸೊನ್ನೆ ಬರಬೇಕಲ್ಲ, ನಲವತ್ತು ಏಕೆ ಎಂದೆ. ಹಾಸಿನ ಕೆಳಗಿನ ಸೆನ್ಸರಿಗೆ ತೇವ ಹಿಡಿದಿರಬಹುದು ಎಂದಳು. ತೇವ ದಿನವೂ ಅಷ್ಟೇ ತೂಗುತ್ತದೆಯೇ ಎಂದೆ.

ಅವಳು ಪೆನ್‌ಡ್ರೈವ್ ಕಿತ್ತು ಕೈಚೀಲಕ್ಕೆ ಹಾಕಿದಳು.

ಸೋಮವಾರ ರಾತ್ರಿ ಗಂಡ ಹೆಂಡತಿ ಇಬ್ಬರೂ ಗಾಜಿನ ಕೋಣೆಯಲ್ಲಿ ಕುಳಿತರು. ಅಲ್ಲಿಯ ಫೈಲಿನಲ್ಲಿ ಗುಬ್ಬಿ ಆ ಕೊನೆಯ ಸಾಲಿನ ಮುಂದೆ ಒಂದು ಸಣ್ಣ ಗೀಟು ಹಾಕಿದಳು. ಮ್ಯಾಕ್ರೋದಲ್ಲಿ ಹಾಗೆ ಗೀಟು ಹಾಕಿದರೆ ಸಾಲು ಹಸಿರಾಗುತ್ತದೆ. ಹಸಿರಾದದ್ದನ್ನು ಯಂತ್ರ ಓದುವುದಿಲ್ಲ, ಅದು ಇದ್ದೂ ಇಲ್ಲದಂತೆ. ನಿನ್ನೆ ಕರೆದಿಟ್ಟದ್ದು ಇವತ್ತು ಒಮ್ಮೆ ಬರುತ್ತದೆ, ನಾಳೆಯಿಂದ ಬರುವುದಿಲ್ಲ ಎಂದು ಗಂಡನಿಗೆ ಹೇಳಿದಳು.

ಕಾದರು. ಹೊರಗೆ ಗಾಳಿಯೂ ಇರಲಿಲ್ಲ. ಡಬ್ಬಿಯಲ್ಲಿ ಕೆಂಪು ಸೊನ್ನೆ.

ಟಿಂಗ್... ಫೈಲು ತೆರೆದುಕೊಂಡಿತು.

ಠಕ್.

ಸೊನ್ನೆ ಹೋಯಿತು. ನಲವತ್ತು.

ಇಬ್ಬರೂ ಗಾಜಿನಾಚೆ ನೋಡಿದರು. ಹಾಸು ಬರಿದು. ಸಾಲು ತಾನಾಗಿ ಬರೆದುಕೊಂಡಿತು, ನಂಬರ್ ಖಾಲಿ, ಹೆಸರು ಖಾಲಿ. ಬೇರೆ ರಾತ್ರಿಗಳಲ್ಲಿ ಅಳಿಯ ಕಣ್ಣು ಮಿಟುಕಿಸುವಷ್ಟರಲ್ಲಿ ಅಂಕಿ ಸೊನ್ನೆಗೆ ಇಳಿಯುತ್ತಿತ್ತಂತೆ. ಅಂದು ಇಳಿಯಲಿಲ್ಲ. ನಲವತ್ತು... ನಲವತ್ತು... ಹಾಗೇ ನಿಂತಿತು. ಏನೋ ಒಂದು ಕಾಯುತ್ತಿರುವ ಹಾಗೆ.

"ರೀ... ಇದ್ಯಾಕೆ ಹೋಗ್ತಿಲ್ಲ?"

"ಕಲ್ಲು ಗಿಲ್ಲು ಬಿದ್ದಿರ್ಬೇಕು. ನೋಡ್ತೀನಿ ಇರು."

ಟಾರ್ಚ್ ತೆಗೆದುಕೊಂಡು ಹೊರಗೆ ಹೋದ. ಗುಬ್ಬಿ ಡಬ್ಬಿಯ ಅಂಕಿಯನ್ನೇ ನೋಡುತ್ತ ಕುಳಿತಳು. ಅವನು ಹಾಸಿನ ಮೇಲೆ ಹತ್ತಿ ನಡುವಿಗೆ ಹೋಗಿ ನಿಂತ. ಅಳಿಯ ಎಪ್ಪತ್ತು ಕಿಲೋದ ಆಸಾಮಿ. ಆ ಡಬ್ಬಿ ಹತ್ತು ಕಿಲೋಗಿಂತ ಸಣ್ಣ ಲೆಕ್ಕ ನೋಡುವುದಿಲ್ಲ. ಅಂಕಿ ನೂರ ಹತ್ತು ತೋರಿಸಿತು. ಅಲ್ಲಿಯವರೆಗೆ ಸರಿಯೇ. ಅವನು ಟಾರ್ಚ್ ಆಡಿಸಿ, ಏನೂ ಇಲ್ಲವೆಂದು ಕೈ ಬೀಸಿ, ಹಾಸಿನಿಂದ ಕೆಳಗಿಳಿದ.

ಡಬ್ಬಿಯಲ್ಲಿ ಇನ್ನು ನಲವತ್ತು ಉಳಿಯಬೇಕಿತ್ತು.

ಸೊನ್ನೆ ಬಂತು.

ಗುಬ್ಬಿ ಕಿಟಕಿ ಸರಿಸಿದಳು.

"ರೀ... ಇನ್ನೊಂದ್ಸಲ ಹತ್ತಿ."

ಹತ್ತಿದ. ನೂರ ಹತ್ತು. ಇಳಿದ. ಸೊನ್ನೆ. ಮೂರನೆಯ ಸಲ ಹತ್ತಿಸಲು ಅವಳಿಗೆ ಧೈರ್ಯ ಸಾಲಲಿಲ್ಲ.

ಬೆಳಗಿನ ಜಾವ ನಾನೇ ಬಾಗಿಲು ತೆಗೆದೆ. ಇಬ್ಬರೂ ನೇರ ಮೆಟ್ಟಿಲಿಗೆ ನಡೆದರು. ನಮ್ಮ ಮನೆಯದು ಮರದ ಮೆಟ್ಟಿಲು. ಗುಬ್ಬಿ ಹತ್ತಿ ಹೋದಳು, ಸದ್ದಿಲ್ಲ. ಆಮೇಲೆ ಅವನು. ಕಿರ್ರ್... ಒಂದು ಮೆಟ್ಟಿಲು. ನಿಂತ. ಕಿರ್ರ್... ಇನ್ನೊಂದು. ಬೀರು ಹೊತ್ತು ಏರುವವನ ಹೆಜ್ಜೆ ಅದು. ಆದರೆ ಅವನ ಕೈಯಲ್ಲಿದ್ದದ್ದು ಊಟದ ಡಬ್ಬಿ ಮಾತ್ರ. ಕಾಲು ಭಾರವೇ ಎಂದು ಕೇಳಿದೆ. ನಿದ್ದೆಗೆಟ್ಟಿದೆ ದೊಡ್ಡಮ್ಮ ಎಂದ.

ಗುಬ್ಬಿ ಅಂದೇ ಮಧ್ಯಾಹ್ನ ಕ್ವಾರಿಗೆ ಓಡಿ ಆ ಗೀಟನ್ನು ಅಳಿಸಿದಳು. ಸಾಲನ್ನು ಮೊದಲಿನಂತೆ ಎಬ್ಬಿಸಿ, ಮ್ಯಾಕ್ರೋವನ್ನು ಒಮ್ಮೆ ನಡೆಸಿ, ಅದೇ ಹೊತ್ತಿಗೆ ಕರೆ ಹೋಗುವಂತೆ ಮಾಡಿದಳು. ಬಂದದ್ದು ತನ್ನ ಜಾಗಕ್ಕೆ ಹಿಂದಿರುಗಲಿ ಎಂಬುದು ಅವಳ ಆಸೆ. ಮಾಲೀಕನಿಗೂ ಹೇಳಿದಳು, ಬಂದು ಕಣ್ಣಾರೆ ನೋಡಿ ಎಂದು. ಅವನು ರಾತ್ರಿ ಬಂದು ಕಾಲ ಮೇಲೆ ಕಾಲು ಹಾಕಿ ಕುಳಿತ. ಟಿಂಗ್ ಎಂದಿತು. ಯಾರೂ ಮುಟ್ಟದೆ ಫೈಲು ತೆರೆಯಿತು, ಸಾಲು ಬರೆದುಕೊಂಡಿತು. ನಂಬರ್ ಖಾಲಿ, ಹೆಸರು ಖಾಲಿ. ತೂಕ ಸೊನ್ನೆ. ಠಕ್ ಎಂಬ ಸದ್ದು ಬರಲೇ ಇಲ್ಲ. ಅಲ್ಲಿ ಹೆಜ್ಜೆ ಇಡಲು ಇನ್ನು ಯಾರಿದ್ದರು ಹೇಳಿ?

ಮಾಲೀಕ ಎದ್ದು ನಿಂತು, ಸರಿ ಬಿಡು, ಯಂತ್ರಕ್ಕೆ ಹುಚ್ಚು ಎಂದನಂತೆ. ತಪ್ಪಾಯಿತು ಎಂಬ ಮಾತು ಅವನ ವಂಶದಲ್ಲೇ ಇಲ್ಲ. ಪೊಲೀಸರ ಮಾತು ಅಲ್ಲಿಗೆ ಮುಗಿಯಿತು. ಅಳಿಯನ ಕೆಲಸ ಉಳಿಯಿತು.

ಲೋಡು ತುಂಬುವವನೊಬ್ಬನನ್ನು ಕಾಡಿ ಬೇಡಿ ಗುಬ್ಬಿ ಹಿಂದಿನ ತೂಕದವನ ಫೋನ್ ನಂಬರ್ ಸಂಪಾದಿಸಿದಳು. ನಮ್ಮ ಹಜಾರದಿಂದಲೇ ಮಾತಾಡಿದಳು, ನಾನು ಪಕ್ಕದಲ್ಲಿ ನಿಂತಿದ್ದೆ. ಅವನು ಒಂದೇ ಮಾತು ಕೇಳಿದ.

"ಕೊನೇ ಸಾಲು ಮುಟ್ಟಿದ್ರಾ?"

"ಮುಟ್ಟಿದೆ. ದಿನಾ ಬಾ ಅಂತ ಕರೀತಿತ್ತಲ್ಲ..."

"ಕರೆಯೋದಲ್ಲಮ್ಮ ಅದು. ಮನೆಗೆ ಬಂದವರನ್ನ ಹೆಂಗೆ ಕಳಿಸ್ತೀರಿ? ಹೋಗು ಅಂತೀರಾ? ಹೋಗಿ ಬಾ ಅಂತೀರಿ. ಬಾ ಅಂದ್ರೇನೇ ಅದು ಹೋಗ್ತಿದ್ದದ್ದು. ನೀವು ಬಾ ತೆಗೆದ್ರಿ... ಹೋಗೋದೂ ಹೋಯ್ತು."

ಅದು ಯಾರು, ಏನು ಎಂದು ಗುಬ್ಬಿ ಕೇಳುವಷ್ಟರಲ್ಲಿ ಫೋನ್ ಇಟ್ಟುಬಿಟ್ಟ.

ಅವಳು ಗಂಡನಿಗೆ ಎಲ್ಲ ಹೇಳಿದಳು. ಹೇಳಬಾರದಿತ್ತು ಎಂದು ನನ್ನ ಅಭಿಪ್ರಾಯ. ಅವನು ಎಷ್ಟೋ ರಾತ್ರಿ ಆ ಹಾಸಿನ ಮೇಲೆ ನಿಂತು ನೋಡಿದ. ಟಿಂಗ್ ಎನ್ನುವಾಗ ಸರಿಯಾಗಿ ಇಳಿದು ನೋಡಿದ, ಓಡಿ ಇಳಿದು ನೋಡಿದ. ಕೋಣೆಗೆ ಬಂದರೆ ಸಾಲಿನಲ್ಲಿ ನೂರ ಹತ್ತು, ಡಬ್ಬಿಯಲ್ಲಿ ಸೊನ್ನೆ. ಹಿಡಿದದ್ದು ಬಿಡಲಿಲ್ಲ.

ಬಿಡದೇ ಹೋದದ್ದರ ಸಿಟ್ಟು ಹೆಂಡತಿಯ ಮೇಲೆ ತಿರುಗಿತು. ಮೊದಲು ಮಾತು ನಿಲ್ಲಿಸಿದ. ಆಮೇಲೆ ಮಾತಾಡಿದ್ದೆಲ್ಲ ಮುಳ್ಳು. ಮಂಚದಲ್ಲಿ ಇಬ್ಬರ ನಡುವೆ ತಗ್ಗು ಬೀಳುತ್ತಿತ್ತು ಎಂದು ಗುಬ್ಬಿ ನನ್ನ ಕಿವಿಯಲ್ಲಿ ಹೇಳಿದಳು. ಅವನೂ ಅಲ್ಲಿ ಮಲಗುತ್ತಿರಲಿಲ್ಲ, ಅವಳೂ ಮಲಗುತ್ತಿರಲಿಲ್ಲ. ನಾನು ಹಾಸಿಗೆ ತಡವಿ ನೋಡಿದೆ. ಹತ್ತಿ ಗಂಟು ಕಟ್ಟಿರಬಹುದೆಂದು ಬಿಚ್ಚಿ ಹೊಸದಾಗಿ ತುಂಬಿಸಿದೆ. ಅಂದು ರಾತ್ರಿಯೇ ಮತ್ತೆ ತಗ್ಗು.

ಒಂದು ಸಂಜೆ ಮೆಟ್ಟಿಲ ಮೇಲೆ ಕುಳಿತುಬಿಟ್ಟ. ಏಳಲಾಗಲಿಲ್ಲ. ಗುಬ್ಬಿ ಕೈ ಕೊಡಲು ಹೋದಳು. ಆ ಕೈಯನ್ನು ತಳ್ಳಿ ಅವನು ಹೇಳಿದ್ದನ್ನು ನಾನು ಕೆಳಗಿನಿಂದ ಕೇಳಿದೆ.

"ಬಾ ಅನ್ನೋದು ನಿಂಗೆ ಭಾರ ಆಯ್ತು. ಈಗ ಹೊರ್ತಿರೋದು ಯಾರು?"

"ಒಂದು ರಾತ್ರಿ ನಂಗೆ ಕೊಡಿ" ಎಂದಳು ಗುಬ್ಬಿ.

"ನಿಂಗ್ಯಾಕೆ ಕೊಡ್ಲಿ. ನೀನು ಅದನ್ನೂ ಸರಿ ಮಾಡೋಕೆ ಹೋಗ್ತೀಯ."

ಗಂಡನನ್ನು ಉಳಿಸಿಕೊಳ್ಳಲು ಗುಬ್ಬಿ ಆ ಕೆಲಸಕ್ಕೆ ಕೈ ಹಾಕಿದ್ದು. ಕಳ್ಳನೆಂಬ ಹೆಸರು ಬರಲಿಲ್ಲ, ಅದು ನಿಜ. ಅದಕ್ಕೆ ತೆತ್ತದ್ದನ್ನೂ ಹೇಳುತ್ತೇನೆ. ಅವನ ಎರಡು ಮೊಣಕಾಲೂ ಸವೆದು ಹೋದವು, ಈಗ ಊರುಗೋಲು. ಕೆಲಸವನ್ನು ತಾನೇ ಬಿಟ್ಟ. ನನ್ನ ಮನೆಯ ಮೆಟ್ಟಿಲು ಮುರಿಯಿತು, ಹೊಸದು ಹಾಕಿಸಿದೆ. ಗುಬ್ಬಿ ಶಾಲೆಯ ಕಚೇರಿಯಲ್ಲೇ ಇದ್ದಾಳೆ, ಯಾರ ಫೈಲನ್ನೂ ತೆರೆದು ನೋಡುವುದಿಲ್ಲ, ಮಹಡಿಯಲ್ಲಿ ಒಬ್ಬಳೇ. ಅವನು ಬೇರೆ ಬೀದಿಯಲ್ಲಿ ನೆಲಮಟ್ಟದ ಒಂದು ಕೋಣೆಯಲ್ಲಿದ್ದಾನೆ. ಇಬ್ಬರಿಗೂ ಮಾತಿಲ್ಲ. ಡಾಕ್ಟರ ಬಳಿಗೆ ಅವನನ್ನು ಕರೆದೊಯ್ಯುವವಳು ನಾನೇ.

ಕತೆ ಎಂದು ಯಾರಾದರೂ ನಗುವುದಾದರೆ ಆ ಡಾಕ್ಟರನ್ನು ಕೇಳಿಬನ್ನಿ, ತೂಕದ ಯಂತ್ರ ಕೆಟ್ಟಿದೆಯೆಂದು ಎರಡು ಸಲ ಬದಲಾಯಿಸಿದ್ದಾರೆ. ಅಳಿಯ ವರ್ಷದಿಂದ ವರ್ಷಕ್ಕೆ ಇಳಿಯುತ್ತ ಬಂದ. ಕೆನ್ನೆ ಒಳಗೆ ಹೋಗಿದೆ, ಅಂಗಿ ಗೂಟಕ್ಕೆ ತೂಗುಹಾಕಿದಂತೆ ಕಾಣುತ್ತದೆ, ತೋಳು ನನ್ನ ಮುಷ್ಟಿಗೆ ಸಿಗುತ್ತದೆ. ಹೋದ ವಾರ ಮತ್ತೆ ತೂಗಿದರು. ನಾನು ಮುಂದೆಯೇ ನಿಂತಿದ್ದೆ, ಕನ್ನಡಕ ಹಾಕಿಕೊಂಡು ನೋಡಿದೆ.

ನೂರ ಹತ್ತು.