ನಾರಿನ ಹಗ್ಗಕ್ಕೆ ಕಟ್ಟಿದ ಬುಲೆಟ್

"ಭಾವನ ಹೊಸ ಬುಲೆಟ್ಟು ಸವಾರನೇ ಇಲ್ದೆ ಕುಣಿಗಲ್ ಕೆರೇನ ಹಾರಿ ಆಚೆ ದಡದಲ್ಲಿ ನಿಂತ್ಕೊಂತು ಕಣಕ್ಕ!"

ಕುಣಿಗಲ್ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನಲ್ಲಿದ್ದ ಬೀರಯ್ಯ ಬೀಡಿ ಸೇದುವುದನ್ನೇ ಮರೆತ. ಪಕ್ಕದಲ್ಲಿ ಹೀಗೆ ಬಡಾಯಿ ಕೊಚ್ಚುತ್ತಿದ್ದವನು ತಿಪ್ಪಯ್ಯ. ಪೂಜೆಗೆ ಹೂ ಕೊಂಡು ನಿಂತಿದ್ದವಳು ಅವನ ಅಕ್ಕ ಗಿರಿಯಮ್ಮ.

"ಪೂಜೆಗೆ ಮುಂಚೆ ಓಡಿಸ್ಬಾರ್ದು ಅಂತ ತುಮಕೂರಿಂದ ಮೆಟಡೋರ್ ಹಿಂದುಗಡೆ ಕಬ್ಬಿಣದ ಸ್ಟ್ಯಾಂಡ್ ಬಿಗಿಸಿ ಅದ್ರ ಮೇಲೆ ಕಟ್ಕೊಂಡು ತತ್ತೀನಿ ಅಂದಿದ್ಯಲ್ಲೋ?" ಎಂದಳು ಗಿರಿಯಮ್ಮ.

"ಹಂಗೇ ತಂದೆ."

"ಯಾತರಲ್ಲಿ ಕಟ್ಟಿದ್ದೆ?"

"ನಮ್ ಚೇಳೂರ್ ತೋಟದ ನಾರಿನ ಹಗ್ಗ. ಐರಾವತ ಎಳುದ್ರೂ ಕಿತ್ತೋಗಲ್ಲ!"

ಗಿರಿಯಮ್ಮ ಅವನ ಹೆಗಲ ಮೇಲಿದ್ದ ಹಗ್ಗದ ತುಂಡನ್ನು ಎಳೆದು ನೋಡಿದಳು. "ಮತ್ತೆ ಇದ್ಯಾಕ್ಲಾ ತುದಿ ಸುಟ್ಟು ಕರಕಲಾಗೈತೆ?"

ತಿಪ್ಪಯ್ಯ ಹಗ್ಗದ ತುದಿಯನ್ನು ಹಿಂದಕ್ಕೆ ಎಳೆದುಕೊಂಡ. "ಮೆಟಡೋರ್ ಸೈಲೆನ್ಸರ್ ಪಕ್ಕಕ್ಕೆ ಕಟ್ಬುಟ್ಟಿದ್ದೆ. ಕಾವಿಗೆ ಸುಟ್ಟೋಯ್ತು. ಬುಲೆಟ್ಟು ಹಾರ್ಲಿಲ್ಲ ಕಣಕ್ಕ, ಏರಿ ಮೇಲಿಂದ ಬಿತ್ತು."

"ಅಯ್ಯೋ ಶಿವನೇ! ಈಗ ಎಲ್ಲೈತೆ?"

"ಕೆರೆಯೊಳಗೆ."

ಹೂವಿನ ಪೊಟ್ಟಣ ಗಿರಿಯಮ್ಮನ ಕೈಜಾರಿ ಬಿತ್ತು. "ನಿಮ್ ಭಾವ ನಿಂಬೆಹಣ್ಣು ಹಿಡ್ಕೊಂಡು ಬಾಗಿಲಲ್ಲೇ ಕಾಯ್ತವ್ರಲ್ಲೋ!"

ಅಷ್ಟರಲ್ಲಿ ಗಿರಿಯಮ್ಮನ ಊರಿಗೆ ಹೋಗುವ ಅಮೃತೂರು ಬಸ್ಸು ಬಂತು. ತಿಪ್ಪಯ್ಯ ಹಿಂದೆ ಸರಿದ. "ನಾನು ಬರಲ್ಲ. ಭಾವ ನನ್ನ ಸಿಗಿದಾಕ್ತಾರೆ."

ಅವಳು ಅವನ ತೋಳು ಬಿಡಲಿಲ್ಲ. "ನನ್ ತಮ್ಮನ ಕೈಲೇ ತರ್ಸಿ ಅಂತ ಹಠ ಹಿಡ್ದೋಳು ನಾನು. ನಡಿ, ಇಬ್ರೂ ಬೈಸ್ಕೊಳಾನ."