ಕರಿ ಕಾಯಿಯ ಮೊದಲ ನಡೆ

ಆಟ ಹಲಗೆಯ ಮೇಲೇ ತೀರ್ಮಾನವಾಗಬೇಕು, ಹಲಗೆಯ ಹೊರಗಲ್ಲ... ಗೊತ್ತಮ್ಮ, ಗೊತ್ತು! ಆ ನಿಯಮವನ್ನು ನಿನಗೆ ಬಾಯಿಪಾಠ ಮಾಡಿಸಿದವನೇ ನಾನು. ಅಪ್ಪನಿಗೇ ಪಾಠ ಹೇಳಬೇಡ. ಇವತ್ತು ಅದನ್ನು ಪಾಲಿಸಿದವರು ಯಾರು, ಹೇಳು? ಮೊದಲನೇ ಮೇಜಿನವರು ಕುರ್ಚಿ ಬಿಸಿಯಾಗುವ ಮೊದಲೇ ಡ್ರಾ ಅಂತ ಕೈಕುಲುಕಿ ಎದ್ದರು. ಪಕ್ಕದ ಮೇಜಿನವರೂ ಅಷ್ಟೇ. ತೀರ್ಪುಗಾರರು? ಕನ್ನಡಕ ಒರೆಸುತ್ತಾ ಕೂತಿದ್ದರು. ಪಾಪ, ಅವರಿಗೇನೂ ಕಾಣಿಸಲಿಲ್ಲ!

ಯಾಕೆ ನಗ್ತೀಯ? ನಗೋದೇನಿದೆ ಇದರಲ್ಲಿ? ಅವರೆಲ್ಲ ತಂಡಕ್ಕೆ ಆಯ್ಕೆಯಾದರು. ಸೋತವಳು ನೀನೊಬ್ಬಳು, ಈ ಖಾಲಿ ಹಾಲಿನಲ್ಲಿ ನನ್ನೆದುರು ಕೂತಿದ್ದೀಯ. ಡ್ರಾ ಸಾಕಿತ್ತು ಕಣೇ! ನಿನ್ನ ಎದುರಾಳಿ ಹುಡುಗಿಗೂ ಸಾಕಿತ್ತು, ನಿನಗೂ ಸಾಕಿತ್ತು!

ನಾನು ಹೇಳಿದ್ದೇನು? ಕರಿ ಕಾಯಿ ಬಂದಿದೆ, ಮೆರೆಯಬೇಡ, ಫ್ರೆಂಚ್ ಡಿಫೆನ್ಸ್ ಆಡು. ರಾಜನ ಮುಂದಿನ ಕಾಲಾಳು ಒಂದು ಮನೆ. ಅಷ್ಟೇ. ಗೋಡೆ ಕಟ್ಟಿಕೊಂಡು ಕೂತುಕೋ ಅಂದೆ. ಅದು ಬಿಟ್ಟು ಸಿಸಿಲಿಯನ್! ಮಂತ್ರಿ ಪಕ್ಕದ ಒಂಟೆಯ ಮುಂದಿನ ಕಾಲಾಳನ್ನು ಎರಡು ಮನೆ ತಳ್ಳಿ ಜಗಳಕ್ಕೆ ನಿಂತೆ. ಅವಳು ಬಿಡ್ತಾಳಾ? ನಿನ್ನ ರಾಜನನ್ನು ಹಲಗೆ ತುಂಬಾ ಅಟ್ಟಾಡಿಸಿದಳು.

ಬಾ, ಕಾಯಿ ಜೋಡಿಸು. ನೀನು ಕರಿ, ನಾನು ಬಿಳಿ. ನನ್ನ ಮಾತು ಕೇಳಿದ್ದರೆ ಏನಾಗ್ತಿತ್ತು ನೋಡು. ಅವಳು ನಡುವಿನ ಕಾಲಾಳನ್ನು ಹೊಡೆದು ಬದಲಾಯಿಸಿಕೊಳ್ತಿದ್ದಳು. ಆಮೇಲೆ ಮಂತ್ರಿಗೆ ಮಂತ್ರಿ. ಎರಡೂ ಕಡೆ ಒಂದೇ ತರ, ಕನ್ನಡಿ ಹಿಡಿದ ಹಾಗೆ. ಅಲ್ಲಿಗೆ ಅವಳೇ ಕೈ ಚಾಚ್ತಿದ್ದಳು, ನೀನು ಹಿಡ್ಕೊಂಡಿದ್ದರೆ...

ಏನು ಹಾಗೆ ನೋಡ್ತೀಯ?

ನನಗೆ ಹೇಗೆ ಗೊತ್ತು ಅಂದರೆ... ಅನುಭವ! ಇಷ್ಟು ವರ್ಷ ಮಕ್ಕಳಿಗೆ ಆಟ ಕಲಿಸಿದ್ದು ಸುಮ್ಮನೇನಾ? ಹೌದು, ಅವಳು ಯಾವತ್ತೂ ಮುನ್ನುಗ್ಗಿ ಆಡೋಳು, ಹಾಗೆಲ್ಲ ಬದಲಾಯಿಸಿಕೊಂಡು ತಣ್ಣಗಾಗೋಳಲ್ಲ. ಅದಕ್ಕೇನೀಗ? ಇವತ್ತು ಆಗ್ತಿದ್ದಳು. ಅವಳ ಕೋಚ್ ನನಗೆ ಮಾತು ಕೊ...

ಇದೇನು, ನಿನಗೆ ಆಶ್ಚರ್ಯವೇ ಆಗಲಿಲ್ಲವಾ? ಕಾಯಿ ಜೋಡಿಸ್ತಾನೇ ಇದ್ದೀಯಲ್ಲ!

ಕ್ಯಾಂಟೀನಿನ ಹಿಂದೆ ನಾನೂ ಅವಳ ಕೋಚೂ ನಿಂತಿದ್ದನ್ನ ನೋಡಿದೆಯಾ? ಆಟಕ್ಕೆ ಕೂರೋ ಮೊದಲೇ ಗೊತ್ತಿತ್ತಾ ನಿನಗೆ? ಗೊತ್ತಿದ್ದೂ... ಗೊತ್ತಿದ್ದೇ ಆ ಕಾಲಾಳು ತಳ್ಳಿದೆಯಾ? ನಿನಗೆ ಬಾಯಿಬಿಟ್ಟು ಹೇಳಿದ್ದರೆ ಒಪ್ಪುತ್ತಿದ್ದೆಯಾ? ಅದಕ್ಕೇ ಹೇಳಲಿಲ್ಲ. ನಿನಗೋಸ್ಕರ ಕಣೇ... ಎಲ್ಲರೂ ಮಾಡಿದ್ದನ್ನೇ ಮಾಡಿದೆ.

ಸರಿ, ಬಿಡು. ಆಡು. ನನ್ನ ರಾಜನ ಕಾಲಾಳು ಎರಡು ಮನೆ ಬಂದಾಯ್ತು. ನಿನ್ನದು ಒಂದು ಮನೆ, ಒಂದೇ ಒಂದು. ಈಗ ಯಾರೂ ನೋಡ್ತಿಲ್ಲ, ಆಯ್ಕೆಯೂ ಮುಗೀತು. ನನ್ನ ಸಮಾಧಾನಕ್ಕಾದರೂ ಆಡು, ತಾಯಿ...

ಅದಲ್ಲ. ಆ ಒಂಟೆಯ ಮುಂದಿನ ಕಾಲಾಳಲ್ಲ ಕಣೇ. ಬೇಡ, ಇನ್ನೂ ಬೆರಳು ಬಿಟ್ಟಿಲ್ಲ ನೀನು, ಹಿಂದಕ್ಕೆ ಇಡು... ಇಡು ಅಂದೆ...

ಎರಡು ಮನೆ. ಮತ್ತೆ ಅದನ್ನೇ ತಳ್ಳಿದೆ.